ಲೇಬಲ್ಲಿನ ಮಳೆ

ನಮ್ಮ ಅತ್ತಿಗೆಯ ಬಲಗೈಯನ್ನು ನಾನು ಬಹಳ ವರ್ಷ ಬಾಟಲಿಗಳ ಮೇಲೆ ಅಂಟಿಸಿದ್ದೇನೆ. ಹೀಗೆಂದರೆ ಹೊಸಬರು ಬೆಚ್ಚಿಬೀಳುತ್ತಾರೆ. ವಿಷಯ ಇಷ್ಟೆ: ನಾವಿಬ್ಬರೂ ಕೆಲಸ ಮಾಡುವ ವೈನರಿಯ ಹಳೆ ಬಳ್ಳಿಯ ಶಿರಾಜ್ ಬಾಟಲಿಗೆ ಅಂಟಿಸುವ ಲೇಬಲ್ ಮೇಲೆ ಒಂದು ಕೈಯ ಚಿತ್ರವಿದೆ. ಕೈಯಲ್ಲಿ ಬಳ್ಳಿ ಸವರುವ ಕತ್ತರಿ. ಹಿಂದೆ ಓರೆಯಾಗಿ ಎಳೆದ ಸಣ್ಣ ಸಣ್ಣ ಗೆರೆಗಳು, ಅದು ಮಳೆ. ಆ ಕೈ ನಮ್ಮ ಅತ್ತಿಗೆಯದು. ಹೆಬ್ಬೆರಳು ಕೊಂಚ ಹೊರಕ್ಕೆ ತಿರುಚಿಕೊಂಡಿರುವುದನ್ನೂ ಚಿತ್ರಗಾರ ಬಿಟ್ಟಿಲ್ಲ. ಮೆಷಿನ್ನಿನ ಮುಂದೆ ಕೂತು, ಸೊಟ್ಟಗೆ ಅಂಟಿದ ಲೇಬಲ್ಲನ್ನು ಕಿತ್ತು ನೆಟ್ಟಗೆ ಅಂಟಿಸುವುದು ನನ್ನ ಕೆಲಸ. ಮನೆಯಲ್ಲಿ ಅದೇ ಕೈ ನನಗೆ ಕಾಫಿ ಕೊಡುತ್ತದೆ, ಜಗಳವಾದ ದಿನ ಲೋಟವನ್ನು ಕುಕ್ಕಿ ಇಡುತ್ತದೆ.

ಶಿರಾಜ್ ಎಂದರೆ ಒಂದು ಜಾತಿಯ ಕಪ್ಪು ದ್ರಾಕ್ಷಿ. ಅದರಿಂದ ಮಾಡಿದ ವೈನಿಗೂ ಅದೇ ಹೆಸರು. ವೈನರಿಯ ಯಜಮಾನರ ತಾತ ತನ್ನ ಕೈಯಾರೆ ನೆಟ್ಟ ತೋಟ ನಮ್ಮ ಕಲ್ಲು ಕಟ್ಟಡದ ಬೆನ್ನಿಗೇ ಇದೆ. ಎಲ್ಲರೂ ಅದನ್ನು ತಾತನ ತೋಟ ಎನ್ನುತ್ತಾರೆ. ನೂರು ವರ್ಷ ದಾಟಿದ ಬಳ್ಳಿಗಳು. ಬಳ್ಳಿ ಎಂದ ಮಾತ್ರಕ್ಕೆ ತೆಳ್ಳಗೆ ಹಬ್ಬಿಕೊಂಡಿವೆ ಎಂದುಕೊಳ್ಳಬೇಡಿ. ಒಂದೊಂದೂ ಸೊಂಟದೆತ್ತರದ ಬೊಡ್ಡೆ, ತೊಗಟೆ ಸುಲಿದು ನೇತಾಡುವ ಕಾಂಡ, ಅದರಿಂದ ಹೊರಟ ಎರಡೋ ಮೂರೋ ತೋಳು. ತಂತಿಯಿಲ್ಲ, ಊರುಗೋಲಿಲ್ಲ, ತಮ್ಮ ಕಾಲ ಮೇಲೆ ತಾವು ನಿಂತಿವೆ. ಹಣ್ಣು ಕಡಿಮೆ, ಆದರೆ ವೈನರಿಗೆ ಹೆಸರು ಬಂದಿರುವುದೇ ಆ ಹಣ್ಣಿನಿಂದ. ರುಚಿ ನೋಡಲು ಬಂದವರು ಗ್ಲಾಸಿನೊಳಗೆ ಮೂಗು ತೂರಿಸಿ, ಕರಿಮೆಣಸಿನ ವಾಸನೆ ಇದೆ, ಹೊಗೆಯ ವಾಸನೆ ಇದೆ ಎಂದು ತಲೆದೂಗುತ್ತಾರೆ. ನನಗಂತೂ ಅದರಿಂದ ತಲೆನೋವು ಬಿಟ್ಟು ಬೇರೇನೂ ಬಂದಿಲ್ಲ.

ಆ ತೋಟಕ್ಕೆ ಮಾತ್ರ ಒಂದು ಕಟ್ಟುಪಾಡಿತ್ತು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬಳ್ಳಿ ಬೋಳಾದ ಮೇಲೆ ಹಳೆಯ ಕಡ್ಡಿಗಳನ್ನು ಸವರಬೇಕು, ಇಲ್ಲದಿದ್ದರೆ ಫಸಲು ಕೆಡುತ್ತದೆ. ನಮ್ಮಲ್ಲಿ ಮಳೆ ಸುರಿಯುವುದೂ ಚಳಿಗಾಲದಲ್ಲೇ. ತಾತ ಈ ಬಳ್ಳಿಗಳನ್ನು ಜಡಿಮಳೆಯಲ್ಲಿ, ಹಿಡಿದ ಗುದ್ದಲಿ ಕೆಳಗಿಡದೆ ನೆಟ್ಟನಂತೆ. ಆದ್ದರಿಂದ ನೆಟ್ಟ ತಾರೀಕಿನಂದೇ ಸವರುವ ಕೆಲಸ ಶುರುವಾಗಬೇಕು. ಯಜಮಾನರು ತಾತನ ಕತ್ತರಿಯನ್ನು ತಮ್ಮ ಕೈಯಾರೆ ಸವರುವವರಿಗೆ ಕೊಡಬೇಕು. ಆಮೇಲೆ ಮಳೆ ಬರಲಿ, ಬಿಸಿಲಿರಲಿ, ಕೊನೆಯ ಬಳ್ಳಿ ಮುಗಿಯುವವರೆಗೆ ನಿಲ್ಲಿಸಬಾರದು. ಗುಡ್ಡದಾಚೆಯ ಹೊಸ ತೋಟಗಳಿಗೆ ಈ ಕಟ್ಟುಪಾಡಿಲ್ಲ. ಅಲ್ಲಿಗೆ ಹೊರಗಿನ ಗುಂಪೊಂದು ಮಳೆಗಾಲ ಕಳೆದ ಮೇಲೆ ಬಂದು ಬ್ಯಾಟರಿ ಕತ್ತರಿಯಿಂದ ಟಕಟಕ ಸವರಿ ಹೋಗುತ್ತದೆ. ತಾತನ ತೋಟದವರು ಅವರನ್ನು ಕಂಡು ಮೂಗು ಮುರಿಯುವುದು ಮೊದಲಿನಿಂದಲೂ ಇದ್ದದ್ದೇ.

ಮೊದಲು ಆ ಕತ್ತರಿ ನಮ್ಮಪ್ಪನ ಕೈಯಲ್ಲಿತ್ತು, ಆಮೇಲೆ ನಮ್ಮಣ್ಣನ ಕೈಗೆ ಬಂತು. ಅಣ್ಣನ ಬಗ್ಗೆ ಒಳ್ಳೆಯದು ಹೇಳಬೇಕೆಂದರೆ ಅವನಿಗೆ ಕೋಪ ಬರುತ್ತಿರಲಿಲ್ಲ. ಕೆಟ್ಟದ್ದು ಹೇಳಬೇಕೆಂದರೆ ಆತುರವೂ ಬರುತ್ತಿರಲಿಲ್ಲ. ಕಟ್ಟುಪಾಡಿಗೆ ತಕ್ಕಂತೆ ಯಜಮಾನರ ಎದುರು ಮೊದಲ ಕಡ್ಡಿ ಕತ್ತರಿಸುತ್ತಿದ್ದ. ಯಜಮಾನರ ಬೆನ್ನು ತಿರುಗಿ ನಾಲ್ಕು ಹನಿ ಬಿದ್ದರೆ ಸಾಕು, ಕತ್ತರಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ತೋಟದ ಮೂಲೆಯ ತಗಡಿನ ಷೆಡ್ಡಿಗೆ ಹೋಗಿ, ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯೊಂದರ ಮೇಲೆ ಕೂತುಬಿಡುತ್ತಿದ್ದ. ಮಳೆ ನಿಂತು, ಬಳ್ಳಿಯ ಮೈಯಾರಿದ ಮೇಲೇ ಏಳುತ್ತಿದ್ದುದು. ಹೀಗಾಗಿ ತಾತನ ತೋಟದ ಕೆಲಸ ಪ್ರತಿ ವರ್ಷವೂ ಎಲ್ಲರಿಗಿಂತ ಕೊನೆಗೆ ಮುಗಿಯುತ್ತಿತ್ತು. ಇಷ್ಟೊತ್ತಿಗೆ ಚಿಗುರೇ ಬರುತ್ತೆ ನೋಡಪ್ಪ ಎಂದು ಯಜಮಾನರು ಬೈದರೆ ನಕ್ಕು ತಲೆ ಕೆರೆದುಕೊಳ್ಳುತ್ತಿದ್ದ.

ಅಂಥವನಿಗೆ ಗಂಟುಬಿದ್ದವಳು ನಮ್ಮ ಅತ್ತಿಗೆ. ವೈನರಿಗೆ ಪೀಪಾಯಿ ಮಾಡಿಕೊಡುತ್ತಿದ್ದವರ ಮಗಳು, ಸುತ್ತಿಗೆ ಸದ್ದಿನ ನಡುವೆ ಬೆಳೆದವಳು. ಕೂತ ಕಡೆ ಕೂರಲಾರಳು, ಕೂತವರನ್ನು ಕಂಡರೂ ಸಹಿಸಲಾರಳು. ವಯಸ್ಸಿನಲ್ಲಿ ನನಗೂ ಅವಳಿಗೂ ಅಂಥ ಅಂತರವಿಲ್ಲ, ಹೀಗಾಗಿ ಮೊದಲ ದಿನದಿಂದಲೂ ನಮ್ಮದು ನೀನು ಎಂದು ಕರೆಯುವ ಸಲಿಗೆ. ನಾನು ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದವಳು. ಅತ್ತಿಗೆ ನನ್ನನ್ನು ಅದಕ್ಕಾಗಿ ಒಂದು ದಿನವೂ ಆಡಿಕೊಳ್ಳಲಿಲ್ಲ. ಆಡಿಕೊಳ್ಳಲು ಗಂಡನಿದ್ದನಲ್ಲ.

ಮಳೆ ಬಂದಾಗಲೆಲ್ಲ ಅವಳು ಬಾಟಲಿ ತೊಳೆಯುವ ಕೆಲಸ ಬಿಟ್ಟು ಷೆಡ್ಡಿಗೆ ಹೋಗಿ ಅವನನ್ನು ಎಬ್ಬಿಸಲು ನೋಡುತ್ತಿದ್ದಳು. ಎಲ್ಲರ ಗಂಡಂದಿರೂ ದುಡೀತಿದ್ದಾರೆ, ನೀವೊಬ್ಬರು ಇಲ್ಲಿ ಮೊಟ್ಟೆಗೆ ಕಾವು ಕೊಡ್ತಿದ್ದೀರಲ್ಲ ಎಂದು ಅಂಗಳಕ್ಕೆಲ್ಲ ಕೇಳಿಸುವಂತೆ ಬೈಯುವಳು. ಅಣ್ಣ ಕೂತಲ್ಲಿಂದಲೇ ಒಂದು ಮಾತು ಹೇಳುತ್ತಿದ್ದ.

"ಸುಮ್ನೆ ಕೂತ್ಕೊಳ್ಳೋದೂ ಕೆಲಸಾನೇ ಕಣೇ."

ಆ ಮಾತು ವೈನರಿಯಲ್ಲೆಲ್ಲ ಹಬ್ಬಿತು. ಯಾರಾದರೂ ಊಟವಾದ ಮೇಲೆ ತೂಕಡಿಸಿದರೆ, ಪಂಪು ಕೆಟ್ಟು ಕೆಲಸ ನಿಂತರೆ, ಯಾರೋ ಒಬ್ಬರು ಅಣ್ಣನ ಧ್ವನಿ ತೆಗೆದು ಅದನ್ನು ಹೇಳುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವುದು. ಅಣ್ಣನೂ ನಗುತ್ತಿದ್ದ. ಅತ್ತಿಗೆ ಒಬ್ಬಳೇ ನಗುತ್ತಿರಲಿಲ್ಲ. ಗಂಡನ ಸೋಮಾರಿತನ ಅವಳಿಗೆ ನಿಜವಾಗಿಯೂ ಅವಮಾನವಾಗಿತ್ತು. ತಲೆ ತಗ್ಗಿಸಿಕೊಂಡು ಅಂಗಳ ದಾಟುತ್ತಿದ್ದಳು.

ಅಣ್ಣ ಒಂದು ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದ. ಜ್ವರ ಎದೆಗಿಳಿಯಿತು, ಆಸ್ಪತ್ರೆಗೆ ಸೇರಿಸಿದೆವು, ವಾಪಸು ಕರೆತರಲಾಗಲಿಲ್ಲ. ಆ ವರ್ಷದ ತಾತನ ತೋಟವನ್ನು ಯಾರು ಯಾರೋ ಸೇರಿ ಹೇಗೋ ಮುಗಿಸಿದರು. ಮುಂದಿನ ವರ್ಷ ಆ ತಾರೀಕು ಹತ್ತಿರ ಬರುತ್ತಿದ್ದಂತೆ ಅತ್ತಿಗೆ ಯಜಮಾನರ ಕೋಣೆಗೆ ಹೋಗಿ ಕತ್ತರಿ ನನಗೆ ಕೊಡಿ ಎಂದಳು. ಹೆಂಗಸಿನ ಕೈಗೆ ಅದು ಹೋದದ್ದೇ ಇಲ್ಲ ಎಂದು ಯಜಮಾನರು ಮೀನಮೇಷ ಎಣಿಸಿದರು. ಗಂಡ ಬಾಕಿ ಉಳಿಸಿ ಹೋದ ಕೆಲಸ ನಾನು ತೀರಿಸ್ತೀನಿ ಎಂದಳಂತೆ. ಕೊಟ್ಟರು.

ಆ ಸಲ ಕತ್ತರಿ ಕೊಟ್ಟ ಗಳಿಗೆಯಿಂದಲೇ ಮಳೆ ಹಿಡಿಯಿತು. ಅತ್ತಿಗೆ ನಿಲ್ಲಲಿಲ್ಲ. ಅಣ್ಣನ ರೇನ್‌ಕೋಟು ಅವಳ ಮೊಣಕಾಲು ದಾಟುತ್ತಿತ್ತು. ಅದನ್ನು ತೊಟ್ಟು, ಕೆಸರಿನಲ್ಲಿ ಕಾಲು ಹೂತುಕೊಂಡು ಒಂದೊಂದೇ ಬಳ್ಳಿ ಸವರುತ್ತ ನಡೆದಳು. ಸಂಜೆ ಮನೆಗೆ ಬಂದರೆ ಬೆರಳು ಮಡಚಲು ಬಾರದು, ನಾನೇ ಊಟ ಕಲಸಿ ಬಾಯಿಗಿಟ್ಟಿದ್ದೇನೆ. ಹೊಸ ಲೇಬಲ್ ಬರೆಯಲು ಬಂದಿದ್ದ ಚಿತ್ರಗಾರ ಕಿಟಕಿಯಿಂದ ಇದನ್ನು ನೋಡಿದ. ಅವಳ ಕೈ ಬರೆದ, ಮಳೆಯನ್ನೂ ಬರೆದ. ತಾತನ ತೋಟ ಯಾವತ್ತೂ ಮುಗಿಯದಷ್ಟು ಬೇಗ ಆ ವರ್ಷ ಮುಗಿಯಿತು. ಯಜಮಾನರು ಎಲ್ಲರೆದುರು ಅವಳನ್ನು ಹೊಗಳಿದರು. ಮೊದಲ ಲೇಬಲ್ಲಿಗೆ ಅತ್ತಿಗೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ, ಅಣ್ಣನ ಫೋಟೊದ ಪಕ್ಕ ನೇತುಹಾಕಿದಳು. ಅಂದಿನಿಂದ ತಲೆ ಎತ್ತಿಕೊಂಡು ಅಂಗಳ ದಾಟಿದಳು.

ಆಮೇಲೆ ಎಷ್ಟೋ ಮಳೆಗಾಲ ಹೀಗೇ ನಡೆಯಿತು. ಒಂದು ವಸಂತದಲ್ಲಿ ಗೇಟಿನ ಹತ್ತಿರದ ಬಳ್ಳಿಯ ಒಂದು ತೋಳು ಸರಿಯಾಗಿ ಚಿಗುರಲಿಲ್ಲ. ಬಂದ ಎಲೆಗಳು ಉಗುರಿನಷ್ಟಕ್ಕೇ ನಿಂತು ಹಳದಿಗೆ ತಿರುಗಿ ಮುದುಡಿಕೊಂಡವು. ಮರುವರ್ಷ ಅದರ ಪಕ್ಕದವು, ಅದರ ಮರುವರ್ಷ ನಡುವಿನ ಸಾಲಿನವು. ಗೊಂಚಲು ಕಟ್ಟಿದ ಕಾಯಿ ಸಾಸಿವೆಯಷ್ಟಾಗಿ ಉದುರಿಹೋಗುತ್ತಿತ್ತು. ವಯಸ್ಸಾಯಿತಲ್ಲ, ನನಗೂ ಬೆರಳು ಬಗ್ಗಲ್ಲ, ಅದಕ್ಕೂ ಹಾಗೇ ಎಂದು ಅತ್ತಿಗೆ ತಳ್ಳಿಹಾಕಿದಳು. ಆದರೆ ಹೇಗಿದೆ ಎಂದು ಬೆಳಗಾದರೆ ಓಡಿಹೋಗಿ ನೋಡಿಬರುತ್ತಿದ್ದಳು. ಎಲೆಯನ್ನು ಹೆಬ್ಬೆರಳಿನಿಂದ ನೀವುತ್ತಿದ್ದಳು.

ಯಜಮಾನರಿಗೆ ಒಬ್ಬಳೇ ಮಗಳು. ವ್ಯವಹಾರವೆಲ್ಲ ಈಗ ಅವಳದೇ, ನಾವು ಅವಳನ್ನು ಚಿಕ್ಕ ಯಜಮಾನಿ ಎನ್ನುತ್ತೇವೆ. ಅವಳೇ ಗಿಡದ ಡಾಕ್ಟರನ್ನು ಕರೆಸಿದಳು. ಡಾಕ್ಟರಮ್ಮ ಕಡಿಮೆ ಮಾತಿನ ಹೆಂಗಸು. ಇಡೀ ತೋಟ ನಡೆದು ನೋಡಿ, ಸತ್ತ ತೋಳೊಂದನ್ನು ಗರಗಸದಿಂದ ಅಡ್ಡಲಾಗಿ ಕೊಯ್ದು ತೋರಿಸಿದಳು. ಬಿಳಿಯ ಮರದೊಳಗೆ ಕಂದು ಬಣ್ಣದ ಒಂದು ತುಂಡು, ಕೇಕನ್ನು ಕೊಯ್ದು ತೆಗೆದಂತೆ ಮೂಲೆಯಾಗಿ ಒಳಕ್ಕೆ ಇಳಿದಿತ್ತು. ಅಷ್ಟು ಭಾಗ ಸತ್ತಿದೆ ಎಂದಳು. ಯಾಕೆ ಎಂದು ಆಗ ಹೇಳಲಿಲ್ಲ.

ಆಮೇಲೆ ರುಚಿ ನೋಡುವ ಕೋಣೆಯಲ್ಲಿ ಎಲ್ಲರೂ ಕೂತೆವು. ಯಜಮಾನರು, ಮಗಳು, ಮೇಜಿನ ಕೊನೆಯಲ್ಲಿ ಅತ್ತಿಗೆ. ಡಾಕ್ಟರಮ್ಮನಿಗೆ ಕೊಡಲೆಂದು ಒಂದು ಬಾಟಲಿ ಒರೆಸಿ ತಂದವಳು ನಾನು. ಆಕೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಈ ಗೆರೆಗಳು ಮಳೆಯಾ ಎಂದು ಕೇಳಿದಳು. ಕೇಳಿದ್ದೇ ತಡ, ನಾನು ಬಾಯಿ ಬಿಟ್ಟೆ. ಹೌದು ಮಳೆ, ಆ ಕೈ ನಮ್ಮ ಅತ್ತಿಗೆಯದು, ಎಂಥ ಮಳೆಯಿದ್ದರೂ ನಮ್ಮಲ್ಲಿ ಸವರುವುದು ನಿಲ್ಲುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಲೇ ಹೋದೆ. ಡಾಕ್ಟರಮ್ಮ ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಆಕೆ ಯಾರನ್ನೂ ದೂರದೆ ವಿವರಿಸಿದಳು. ಇದೊಂದು ಬೂಷ್ಟಿನ ರೋಗ. ಅದರ ಬೀಜ ಕಣ್ಣಿಗೆ ಕಾಣದಷ್ಟು ಸಣ್ಣದು, ಮಳೆಹನಿಯ ಜೊತೆ ಹಾರಾಡುತ್ತದೆ, ಆಗಷ್ಟೇ ಕತ್ತರಿಸಿದ ಗಾಯದ ಮೇಲೆ ಕೂತರೆ ಒಳಗೆ ಇಳಿಯುತ್ತದೆ. ಒಣ ಹವೆಯಲ್ಲಿ ಸವರಿದರೆ ಅಪಾಯ ಬಹಳ ಕಡಿಮೆ. ಮಳೆಯಲ್ಲಿ ಸವರಿದರೆ ಬಾಗಿಲು ತೆರೆದಿಟ್ಟ ಹಾಗೆ. ಒಳಗೆ ಹೋದದ್ದು ಹೊರಗೆ ಕಾಣಲು ವರ್ಷಗಳೇ ಬೇಕು, ಈಗ ಒಣಗುತ್ತಿರುವುದು ಎಂದೋ ಬಿದ್ದ ಮಳೆಯ ಫಲ. ಗುಡ್ಡದಾಚೆಯ ತೋಟಗಳು ಚೆನ್ನಾಗಿರುವುದೂ ಅದಕ್ಕೇ. ಉಳಿಸಲು ದಾರಿಯಿದೆ. ರೋಗ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅದು ಬುಡ ಮುಟ್ಟುವ ಮೊದಲೇ ಕಾಂಡವನ್ನು ಕೆಳಗೆ, ಬಿಳಿ ಮರ ಸಿಗುವ ಕಡೆಗೆ ಕೊಯ್ದುಬಿಟ್ಟರೆ ಬುಡದಿಂದ ಹೊಸ ಚಿಗುರು ಬರುತ್ತದೆ. ಬೇರು ತಾತ ನೆಟ್ಟದ್ದೇ ಉಳಿಯುತ್ತದೆ. ತಡ ಮಾಡಿದರೆ ಅದೂ ಇಲ್ಲ.

ಯಾರೂ ಅತ್ತಿಗೆಯತ್ತ ನೋಡಲಿಲ್ಲ. ನೋಡದೇ ಇದ್ದದ್ದೇ ಹೆಚ್ಚಾಯಿತು. ಅವಳು ಮೇಜಿನ ಮೇಲಿದ್ದ ಆ ಕೊಯ್ದ ತುಂಡನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಎದ್ದುಹೋದಳು.

ಮಗಳು ಆ ವರ್ಷವೇ ಕೊಯ್ಯಿಸಬೇಕೆಂದಳು. ಅತ್ತಿಗೆಯ ಒಪ್ಪಿಗೆಯಿಲ್ಲದೆ ಆಗದೆಂದು ಯಜಮಾನರು ಪಟ್ಟು ಹಿಡಿದರು. ತಾತ ನೆಟ್ಟ ಕಾಂಡಕ್ಕೆ ಗರಗಸ ಹಾಕಿ ಎಂದು ನನ್ನ ಬಾಯಲ್ಲಿ ಬರುವುದಿಲ್ಲ, ಬಳ್ಳಿ ಅವಳು ನೋಡಿಕೊಂಡದ್ದು, ಅವಳು ಹೂಂ ಎಂದರೆ ಹಾಕಿ ಎಂದರು. ಮರ್ಯಾದೆ ಕೊಟ್ಟ ಹಾಗೆ ಕಂಡರೂ ಅದು ತಮ್ಮ ತಲೆಯ ಭಾರವನ್ನು ಅವಳ ತಲೆಗೆ ದಾಟಿಸಿದ್ದು, ನನಗೆ ಅದರಲ್ಲಿ ಅನುಮಾನವಿಲ್ಲ. ಚಿಕ್ಕ ಯಜಮಾನಿ ನಮ್ಮ ಮನೆಯವರೆಗೂ ಬಂದು ಕೇಳಿದಳು. ಅತ್ತಿಗೆ ಊಹೂಂ ಎಂದಳು. ಡಾಕ್ಟರಮ್ಮ ಪುಸ್ತಕ ಓದಿಕೊಂಡು ಬಂದವಳು, ಬಳ್ಳಿಗೆ ವಯಸ್ಸಾಗಿದೆ ಅಷ್ಟೆ, ಒಂದು ಬಾರಿ ಗೊಬ್ಬರ ಹಾಕಿ ನೋಡೋಣ ಎಂದಳು. ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಚಳಿಗಾಲ ಮತ್ತೆ ಕತ್ತರಿ ತೆಗೆದುಕೊಂಡಳು. ಮತ್ತೆ ಮಳೆ. ಹಠಕ್ಕೆ ಬಿದ್ದವಳಂತೆ ಇನ್ನಷ್ಟು ಬೇಗ ಬೇಗ ಸವರಿದಳು. ಬೇಡ ಅತ್ತಿಗೆ ಎಂದು ನಾನು ಬೇಲಿಯ ಹತ್ತಿರ ನಿಂತು ಕೂಗಿದರೆ ತಿರುಗಿಯೂ ನೋಡಲಿಲ್ಲ. ಆ ದಿನಗಳಲ್ಲಿ ನನಗೆ ಅವಳ ಮೇಲೆ ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ. ಮೆಷಿನ್ನಿನ ಮುಂದೆ ಅವಳ ಕೈ ಸಾಲುಸಾಲಾಗಿ ಬರುತ್ತಿದ್ದರೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ.

ವಸಂತ ಬಂದಾಗ ಗೇಟಿನ ಬದಿಯ ಇಡೀ ಸಾಲು ಚಿಗುರಲೇ ಇಲ್ಲ. ಸುಗ್ಗಿಯಲ್ಲಿ ತಾತನ ತೋಟದಿಂದ ಬಂದ ಹಣ್ಣು ಒಂದು ತೊಟ್ಟಿಯ ತಳ ಮುಚ್ಚಿದರೆ ಹೆಚ್ಚು. ಇಷ್ಟರಲ್ಲಿ ಹಳೆ ಬಳ್ಳಿಯ ಶಿರಾಜ್ ಅಂತ ಬೇರೆ ಮಾಡಲಾಗುವುದಿಲ್ಲ, ಹೊಸ ತೋಟದ ಹಣ್ಣಿನ ಜೊತೆ ಬೆರೆಸಿಬಿಡೋಣ ಎಂದು ವೈನ್ ಮಾಡುವವರು ಹೇಳಿದರು. ನನ್ನ ಮೆಷಿನ್ನಿನಲ್ಲಿ ಆ ಲೇಬಲ್ಲಿನ ಸುರುಳಿ ಹಾಗೇ ಉಳಿಯಿತು. ಚಿಕ್ಕ ಯಜಮಾನಿ ಅಪ್ಪನ ಮುಂದೆ ಖಂಡಿತವಾಗಿ ಹೇಳಿದಳು: ಈ ಚಳಿಗಾಲ ಕೊಯ್ದು ಉಳಿದಷ್ಟನ್ನು ಉಳಿಸಿಕೊಳ್ಳುವುದು, ಇಲ್ಲವಾದರೆ ಬುಡಸಮೇತ ಕಿತ್ತು ಹೊಸದು ನೆಡುವುದು. ಯಜಮಾನರು ಆಗಲೂ ಅತ್ತಿಗೆಯ ಹೆಸರೆತ್ತಿ, ಅವಳು ಏನೆನ್ನುತ್ತಾಳೆ ಎಂದರು.

ಆ ಸಂಜೆ ನಾನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದೆ. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಡಬ್ಬಿಗಳ ಹಿಂದೆ ಅವಳು ಬಚ್ಚಿಟ್ಟಿದ್ದ ಆ ಮರದ ತುಂಡು ನನಗೆ ಗೊತ್ತಿಲ್ಲದ್ದೇನಲ್ಲ. ತೆಗೆದು ಅವಳ ಮುಂದೆ ಇಟ್ಟೆ. ಕಟ್ಟುಪಾಡು ಮಾಡಿದ್ದು ಯಜಮಾನರ ತಾತ, ನಡೆಸಿದ್ದು ಯಜಮಾನರು, ನೀನು ಕೈ ಅಷ್ಟೆ, ತಪ್ಪು ನಿನ್ನದೊಬ್ಬಳದೇ ಅಂತ ಯಾರು ಹೇಳಿದರು, ಒಂದು ಹೂಂ ಅನ್ನುವುದಕ್ಕೆ ಇಷ್ಟು ಜಂಬವಾ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಚಾಕು ಕೆಳಗಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಜಂಬ ಅಲ್ಲ ಕಣೇ," ಎಂದಳು. "ನಿಮ್ಮಣ್ಣ ಹೇಳಿದ್ರು."

ಏನು ಎಂದು ಕೇಳಿದೆ.

"ಒದ್ದೆ ಕಡ್ಡಿಗೆ ಕತ್ತರಿ ಹಾಕಿದ್ರೆ ಬಳ್ಳಿಗೆ ಆಗಲ್ಲ, ಗಾಯ ಒಣಗಲ್ಲ ಅಂದ್ರು. ಅವರಪ್ಪನೂ ಮಳೆ ನಿಲ್ಲೋವರೆಗೆ ಕತ್ತರಿ ಮುಟ್ತಿರಲಿಲ್ಲವಂತೆ, ಯಜಮಾನರಿಗೆ ಗೊತ್ತಾಗದ ಹಾಗೆ. ಮದುವೆಯಾದ ಹೊಸದ್ರಲ್ಲೇ ಹೇಳಿದ್ರು. ಕೆಲಸಗಳ್ಳನಿಗೆ ಒಂದು ನೆಪ ಅಂತ ನಾನು ನಕ್ಕುಬಿಟ್ಟೆ. ಆಮೇಲೆ ಅವರು ಅದನ್ನ ಹೇಳೋದೇ ಬಿಟ್ರು. ಕೂತ್ಕೊಳ್ಳೋದೂ ಕೆಲಸಾನೇ ಅಂತ ತಮಾಷೆ ಮಾಡ್ಕೊಂಡು ಇದ್ದುಬಿಟ್ರು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅಪ್ಪ ಕೂಡ ಮಳೆ ಬಂದರೆ ಮನೆಗೆ ಬಂದುಬಿಡುತ್ತಿದ್ದದ್ದು ನೆನಪಾಯಿತು. ನಮಗೆ ಆಗ ಅದು ಅಪ್ಪ ಮನೆಯಲ್ಲಿರುವ ಖುಷಿಯ ದಿನ, ಅಷ್ಟೆ. ಅತ್ತಿಗೆ ಗೋಡೆಯತ್ತ ನೋಡುತ್ತಿದ್ದಳು. ಅಲ್ಲಿ ಅಣ್ಣ ಇದ್ದ, ಪಕ್ಕದಲ್ಲಿ ಕಟ್ಟು ಹಾಕಿಸಿದ ಅವಳ ಕೈ.

"ಜ್ವರದಲ್ಲಿ ಮಲಗಿದ್ದಾಗ ಹೊರಗೆ ಮಳೆ ಶುರುವಾಯ್ತು," ಎಂದಳು. "ಮಳೆ ಬಂತಲ್ಲ, ಮಲ್ಕೊಳ್ಳಿ, ನಿಮಗೆ ಹಬ್ಬ ಅಂದೆ. ಅದೇ ಕೊನೆ. ಆಮೇಲೆ ಆಸ್ಪತ್ರೇಲಿ ಅವರಿಗೆ ಮಾತಿರಲಿಲ್ಲ. ಈಗ ಹೂಂ ಅಂದ್ರೆ, ಅವರು ಹೇಳಿದ್ದು ನಿಜ ಅಂತ ಆಗುತ್ತೆ. ಆ ಮಾತು ವಾಪಸ್ ತಗೊಳ್ಳೋಕೆ ಯಾರ ಹತ್ರ ಹೋಗ್ಲಿ ನಾನು?"

ಇಷ್ಟು ವರ್ಷ ಅವಳು ಮಳೆಯಲ್ಲಿ ಸವರಿದ್ದು ತಾತನಿಗಾಗಿ ಅಲ್ಲ, ಯಜಮಾನರಿಗಾಗಿಯೂ ಅಲ್ಲ, ಗಂಡನ ಹೆಸರಿಗೆ ಅಂಟಿದ ಸೋಮಾರಿತನವನ್ನು ತೊಳೆಯಲೆಂದೇ ಸವರಿದಳು. ತೊಳೆಯುತ್ತ ತೊಳೆಯುತ್ತ ಅವನು ಕೂತು ಕಾಪಾಡಿದ್ದನ್ನೆಲ್ಲ ಕೊಂದಳು. ಇದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಎದ್ದು, ಅವಳು ಅರ್ಧಕ್ಕೆ ಬಿಟ್ಟ ತರಕಾರಿಯನ್ನು ಹೆಚ್ಚಿದೆ. ಇಬ್ಬರಿಗೂ ಊಟ ಸೇರಲಿಲ್ಲ.

ತಾರೀಕು ಬಂತು. ಬೆಳಿಗ್ಗೆಯಿಂದಲೇ ಜಿನುಗುತ್ತಿತ್ತು. ಯಜಮಾನರು ಕೋಟು ತೊಟ್ಟು, ಕೋಲೂರಿಕೊಂಡು, ಬಟ್ಟೆಯಲ್ಲಿ ಸುತ್ತಿದ ತಾತನ ಕತ್ತರಿ ಹಿಡಿದು ಮೊದಲ ಸಾಲಿನ ಹತ್ತಿರ ನಿಂತಿದ್ದರು. ಮಗಳು ಅವರಿಗೆ ಕೊಡೆ ಹಿಡಿದಿದ್ದಳು. ನಾವು, ಒಳಗಿನ ಕೆಲಸದವರು, ರೂಢಿಯಂತೆ ಬೇಲಿಯುದ್ದಕ್ಕೂ ನಿಂತಿದ್ದೆವು. ಅತ್ತಿಗೆ ಅಣ್ಣನ ರೇನ್‌ಕೋಟು ತೊಟ್ಟು ಬಂದಳು. ಯಜಮಾನರು ಕತ್ತರಿ ಚಾಚಿದರು. ಅವಳು ಕೈ ಮುಂದೆ ತರಲಿಲ್ಲ.

"ಇವತ್ತು ಬೇಡ ಯಜಮಾನ್ರೇ. ಮಳೆ ಇದೆ."

ತಾತನ ಕಾಲದಿಂದ ಒಮ್ಮೆಯೂ ತಪ್ಪಿಲ್ಲವಲ್ಲ ಎಂದು ಯಜಮಾನರು ಮೆತ್ತಗೆ ಹೇಳಿದರು.

"ತಪ್ಪಿದೆ. ನಮ್ಮನೆಯವರು ಪ್ರತಿ ವರ್ಷಾನೂ ತಪ್ಪಿಸ್ತಿದ್ರು. ಅದಕ್ಕೇ ಅವರಿರೋವರೆಗೆ ಇವು ಚೆನ್ನಾಗಿದ್ವು. ಕೆಡಿಸಿದ್ದು ನಾನು." ಅವಳ ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. ಗಂಡನನ್ನು ಬೈಯುತ್ತಿದ್ದ ಅದೇ ಧ್ವನಿ. "ಬಿಸಿಲು ಬರಲಿ. ಗರಗಸ ತರಿಸಿ. ನಾನೇ ಕೊಯ್ತೀನಿ."

ಹೇಳಿ, ಯಾರ ಉತ್ತರಕ್ಕೂ ಕಾಯದೆ ಮೂಲೆಯ ಷೆಡ್ಡಿಗೆ ಹೋದಳು. ಯಜಮಾನರು ಕತ್ತರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ನೋಡಿದರು. ಕೊನೆಗೆ ಮಗಳೇ ತೆಗೆದುಕೊಂಡು ಸುತ್ತಿದಳು. ನಾನು ಷೆಡ್ಡಿಗೆ ಹೋದಾಗ ಅತ್ತಿಗೆ ಬೋರಲು ಹಾಕಿದ ಆ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಮೊಣಕಾಲ ಮೇಲೆ ಇಡುತ್ತಿದ್ದಳು. ತಗಡಿನ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಅವಳು ಅತ್ತಳು. ಅಣ್ಣ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ನೆಲದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡೆ.

ಬಿಸಿಲು ಬೀಳಲು ಬಹಳ ದಿನ ಕಾಯಬೇಕಾಯಿತು. ಬಿದ್ದ ಮೇಲೆ ಗರಗಸ ಹಿಡಿದು ಮೊದಲು ಗೇಟಿನ ಸಾಲಿಗೇ ಹೋದಳು. ಡಾಕ್ಟರಮ್ಮನೂ ಬಂದಿದ್ದಳು. ಕಾಂಡವನ್ನು ಮೊಣಕಾಲೆತ್ತರಕ್ಕೆ ಕೊಯ್ದರೆ ಕಂದು. ಇನ್ನೂ ಕೆಳಗೆ ಕೊಯ್ದರೆ ಕಂದು. ಮಣ್ಣಿಗೆ ತಾಗಿಸಿ ಕೊಯ್ದರೂ ಕಂದು. ಆ ಸಾಲಿನ ಒಂದು ಬಳ್ಳಿಯಲ್ಲೂ ಬಿಳಿ ಮರ ಸಿಗಲಿಲ್ಲ. ಹೋದ ವರ್ಷವೇ ಕೊಯ್ದಿದ್ದರೆ ಸಿಗುತ್ತಿತ್ತಾ ಎಂದು ಅತ್ತಿಗೆ ಕೇಳಿದಳು. ಡಾಕ್ಟರಮ್ಮ ಸುಳ್ಳು ಹೇಳಬಹುದಿತ್ತು. ಕೆಲವಕ್ಕೆ ಸಿಗುತ್ತಿತ್ತು ಎಂದಳು. ಅತ್ತಿಗೆ ತಲೆಯಾಡಿಸಿ ಮುಂದಿನ ಸಾಲಿಗೆ ನಡೆದಳು. ನಡುವಿನ ಸಾಲುಗಳಲ್ಲಿ ಒಂದಕ್ಕೆ ಸಿಕ್ಕರೆ ಪಕ್ಕದ್ದಕ್ಕೆ ಇಲ್ಲ. ಹಿಂದಿನ ಸಾಲುಗಳಲ್ಲಿ ಮಾತ್ರ ಹೆಚ್ಚಿನವಕ್ಕೆ ಬಿಳಿ ಮರ ಸಿಕ್ಕಿತು. ಸಿಕ್ಕ ಕಡೆಯೆಲ್ಲ ಕೊಯ್ದ ಗಾಯಕ್ಕೆ ಮುಲಾಮು ಬಳಿಯುತ್ತ ಹೋದೆವು. ಕೆಲಸ ಮುಗಿದಾಗ ತಾತನ ತೋಟ ನೋಡುವಂತಿರಲಿಲ್ಲ, ಬರೀ ಮೋಟು. ಯಜಮಾನರು ಆ ಕಡೆಯ ಕಿಟಕಿಯ ಪರದೆಯನ್ನು ಎಳೆಸಿಬಿಟ್ಟರು.

ವಸಂತದಲ್ಲಿ ಕೆಲವು ಮೋಟುಗಳ ಬುಡದಲ್ಲಿ ಚಿಗುರು ಬಂತು. ಎಲ್ಲದರಲ್ಲೂ ಅಲ್ಲ. ಗೇಟಿನ ಸಾಲು ಈಗಲೂ ಖಾಲಿ ಮಣ್ಣು. ಅಲ್ಲಿ ಏನನ್ನೂ ನೆಡಬೇಡಿ ಎಂದು ಅತ್ತಿಗೆ ಕೇಳಿಕೊಂಡಿದ್ದಾಳೆ. ಚಿಗುರು ಕಾಂಡವಾಗಿ, ಹಣ್ಣು ಕೊಟ್ಟು, ಮತ್ತೆ ಆ ಲೇಬಲ್ ಅಂಟಿಸುವ ದಿನಕ್ಕೆ ನಾನು ಮೆಷಿನ್ನಿನ ಮುಂದೆ ಇರುತ್ತೇನೋ ಇಲ್ಲವೋ. ಅಡುಗೆಮನೆಯ ಗೋಡೆಯಿಂದ ಕಟ್ಟು ಹಾಕಿಸಿದ ಆ ಕೈಯನ್ನು ಅವಳು ತೆಗೆದುಬಿಟ್ಟಳು. ಅಣ್ಣನ ಫೋಟೊ ಒಂದೇ ಇದೆ. ಒರೆಸುವಾಗ ಅವಳು ಅದರ ಜೊತೆ ಏನೋ ಮಾತಾಡುತ್ತಾಳೆ. ನಾನು ಕೇಳಿಸಿಕೊಳ್ಳಲು ಹೋಗುವುದಿಲ್ಲ.

ಈ ಚಳಿಗಾಲ ಅವಳ ಕೈಗೆ ಕತ್ತರಿ ಹಿಡಿಯುವ ಬಲ ಉಳಿದಿರಲಿಲ್ಲ. ಗುಡ್ಡದಾಚೆಯ ತೋಟಗಳ ಗುಂಪಿನವನೊಬ್ಬನನ್ನು ಚಿಕ್ಕ ಯಜಮಾನಿ ಅವಳ ಜೊತೆಗೆ ಹಾಕಿಕೊಟ್ಟಿದ್ದಳು. ಕೆಲಸದ ಮನುಷ್ಯ, ಚುರುಕು, ಕೂತರೆ ಮೈ ಕಡಿಯುವವನು. ಶುರು ಮಾಡಿದ ಬೆಳಿಗ್ಗೆಯೇ ಮಳೆ ಬಂದು, ಕಡ್ಡಿ ಆಯಲು ಹೋಗಿದ್ದ ನಾನೂ ಸೇರಿ ಮೂವರೂ ಷೆಡ್ಡಿಗೆ ಓಡಿದೆವು. ಅವನು ಬಾಗಿಲಲ್ಲೇ ನಿಂತು ಮುಗಿಲು ನೋಡಿದ, ಗಡಿಯಾರ ನೋಡಿದ. ಹನಿ ಸಣ್ಣದಾಯಿತು, ಹೀಗೆ ಸುಮ್ಮನೆ ಕೂತರೆ ಯಾರಾದರೂ ಏನಂದುಕೊಂಡಾರು, ಹೋಗಿ ಎರಡು ಬಳ್ಳಿ ಸವರಿ ಬರುತ್ತೇನೆ ಎಂದು ಕತ್ತರಿ ಎತ್ತಿದ. ಅತ್ತಿಗೆ ಅವನ ಅಂಗಿಯ ತುದಿ ಹಿಡಿದು ನಿಲ್ಲಿಸಿದಳು. ಪೆಟ್ಟಿಗೆಯ ಮೇಲೆ ತಾನು ಒಂದು ಬದಿಗೆ ಸರಿದು ಜಾಗ ಮಾಡಿಕೊಟ್ಟಳು.

"ಕೂತ್ಕೊಳ್ಳಪ್ಪ," ಎಂದಳು. "ಸುಮ್ನೆ ಕೂತ್ಕೊಳ್ಳೋದೂ ಕೆಲಸಾನೇ."

ಅವನು ಹೊಸಬ, ಆ ಮಾತು ಯಾರದೆಂದು ಅವನಿಗೆ ಗೊತ್ತಿಲ್ಲ. ಹೂಂ ಎಂದು ಕೂತ. ನಾನು ನಗಲಿಲ್ಲ.